ರಾಜಧಾನಿಯೊಂದರ ದಾಖಲೆ ಪುಸ್ತಕ

ಒಂದು ಊರು ತನ್ನನ್ನು ತಾನೇ ಜಗತ್ತಿನ ರಾಜಧಾನಿಯೆಂದು ಘೋಷಿಸಿಕೊಳ್ಳಬಹುದೇ? ಕಾನೂನಿನ ದೃಷ್ಟಿಯಿಂದ ನೋಡಿದರೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ಘೋಷಣೆಯಿಂದ ಯಾವ ಹಕ್ಕೂ ಹುಟ್ಟುವುದಿಲ್ಲ, ಯಾರ ಮೇಲೂ ಯಾವ ಬಾಧ್ಯತೆಯೂ ಬೀಳುವುದಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಒಟ್ಟಮ್ವಾ ಎಂಬ ಸಣ್ಣ ಪಟ್ಟಣವಿದೆ. 1982ರ ನವೆಂಬರ್ 30ರಂದು ಅಲ್ಲಿನ ಮೇಯರ್ ಜೆರ್ರಿ ಪಾರ್ಕರ್ ಅವರು ತಮ್ಮ ಊರನ್ನು ‘ಜಗತ್ತಿನ ವಿಡಿಯೋ ಗೇಮ್ ರಾಜಧಾನಿ’ ಎಂದು ಸಾರಿದರು. ಆ ಕಾಲದ ವಿಡಿಯೋ ಆಟಗಳು ತಯಾರಾಗುತ್ತಿದ್ದದ್ದು ಕ್ಯಾಲಿಫೋರ್ನಿಯದಲ್ಲಿ, ಷಿಕಾಗೊ ಸುತ್ತಮುತ್ತ ಮತ್ತು ಜಪಾನಿನಲ್ಲಿ. ಒಟ್ಟಮ್ವಾದಲ್ಲಿ ಇದ್ದದ್ದು ಒಂದು ಆಟದ ಅಂಗಡಿ ಹಾಗೂ ಅದರ ಒಡೆಯನ ಬಳಿಯಲ್ಲಿದ್ದ ಒಂದು ದಾಖಲೆ ಪುಸ್ತಕ. ರಾಜಧಾನಿಯ ಪಟ್ಟಕ್ಕೆ ಆಧಾರವಾದದ್ದು ಆ ಪುಸ್ತಕವೇ. ಮಹಾಜನ ಆಯೋಗದ ವರದಿಯನ್ನು 1967ರಿಂದ ಕೈಯಲ್ಲಿ ಹಿಡಿದುಕೊಂಡಿರುವ ನಮಗೆ ಕಾಗದಕ್ಕೂ ಕಾರ್ಯಕ್ಕೂ ಇರುವ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದಾಗ್ಯೂ ಒಟ್ಟಮ್ವಾದ ಕಾಗದದ ಕಥೆ ತುಸು ಬೇರೆ. ಆದುದರಿಂದ ಈ ವಾರ ಅದನ್ನು ವಿವರವಾಗಿ ನೋಡೋಣ.

ಡೆ ಮೊಯಿನ್ ನದಿಯ ದಂಡೆಯ ಮೇಲಿರುವ ಒಟ್ಟಮ್ವಾದ ಇಂದಿನ ಜನಸಂಖ್ಯೆ ಸುಮಾರು 25 ಸಾವಿರ. ಹೆಸರು ಮಾಡಬೇಕೆಂಬ ಹಂಬಲ ಆ ಊರಿಗೆ ಹೊಸತಲ್ಲ. ಸುತ್ತಲಿನ ನೆಲದಲ್ಲಿ ಕಲ್ಲಿದ್ದಲು ದೊರೆಯುತ್ತಿದ್ದ ಕಾಲದಲ್ಲಿ, 1890ರಲ್ಲಿ, ಊರಿನವರು ಮರದ ಚೌಕಟ್ಟಿಗೆ ಕಲ್ಲಿದ್ದಲನ್ನು ಹೊದಿಸಿ ಕೋಟೆಯಾಕಾರದ ಒಂದು ‘ಕಲ್ಲಿದ್ದಲ ಅರಮನೆ’ಯನ್ನೇ ಕಟ್ಟಿದರು. ಕೆಳಗೆ ಗಣಿಯ ಒಂದು ಮಾದರಿಯನ್ನೂ ಮಾಡಿ, ನೋಡಬಂದವರನ್ನು ಅದರೊಳಗೆ ಇಳಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಆ ವರ್ಷವೇ ಬಂದು ಅದನ್ನು ನೋಡಿಹೋದರು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಆ ಅರಮನೆಯ ಆಯುಸ್ಸೂ ಮುಗಿದಿತ್ತು. ಮುಂದೆ ಊರಿಗೆ ಅನ್ನ ನೀಡಿದ್ದು ಮಾಂಸ ಸಂಸ್ಕರಣೆಯ ಕಾರ್ಖಾನೆ. ಜಾನ್ ಮೊರೆಲ್ ಕಂಪನಿಯ ಆ ದೊಡ್ಡ ಕಾರ್ಖಾನೆ 1973ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷ ಬೇರೊಂದು ಕಂಪನಿ ಬಂದಿತಾದರೂ ಹಳೆಯ ಭರವಸೆ ಮರಳಲಿಲ್ಲ. ದುಡಿಮೆ ಕಡಿಮೆಯಾದ ಊರಿಗೆ ಹೆಸರಿನ ಹಸಿವು ಹೆಚ್ಚು. ಇದನ್ನು ನಾನು ಕುಚೋದ್ಯಕ್ಕಾಗಿ ಹೇಳುತ್ತಿಲ್ಲ. ಹೊರಗಿನವರು ಒಮ್ಮೆ ಇತ್ತ ತಿರುಗಿ ನೋಡಿದರೆ ನಾಲ್ಕು ಅಂಗಡಿಗಳಾದರೂ ಉಳಿದಾವು ಎಂಬ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ.

ಆರ್ಕೇಡ್ ಎಂದರೇನೆಂಬುದನ್ನು ಇಂದಿನ ಮಕ್ಕಳಿಗೆ ವಿವರಿಸಬೇಕಾಗುತ್ತದೆ. ಕಪಾಟಿನಷ್ಟು ಎತ್ತರದ ಯಂತ್ರ, ಅದರ ಮುಖದಲ್ಲೊಂದು ಪರದೆ, ಕೆಳಗೆ ಗುಂಡಿಗಳು ಮತ್ತು ಹಿಡಿ, ನಾಣ್ಯ ಹಾಕಲೊಂದು ಸೀಳು. ಕಾಲು ಡಾಲರಿನ ನಾಣ್ಯವನ್ನು ಹಾಕಿದರೆ ಆಟ ಶುರು. ಸೋತರೆ ಮತ್ತೊಂದು ನಾಣ್ಯ. ಚೆನ್ನಾಗಿ ಆಡಬಲ್ಲವನು ಅದೇ ಒಂದು ನಾಣ್ಯದಲ್ಲಿ ಗಂಟೆಗಟ್ಟಲೆ ಆಡುತ್ತಿದ್ದ. ಸುತ್ತ ನಿಂತವರು ಅವನ ಭುಜದ ಮೇಲಿಂದ ಇಣುಕಿ ನೋಡುತ್ತಿದ್ದರು. ಅತಿ ಹೆಚ್ಚು ಅಂಕ ಗಳಿಸಿದವನು ತನ್ನ ಹೆಸರಿನ ಮೂರಕ್ಷರಗಳನ್ನು ಪರದೆಯ ಮೇಲೆ ಮೂಡಿಸಬಹುದಾಗಿತ್ತು. ಆದರೆ ಆ ಗೌರವಕ್ಕೆ ಬಾಳಿಕೆಯಿರಲಿಲ್ಲ. ಅಂದಿನ ಅನೇಕ ಯಂತ್ರಗಳಲ್ಲಿ ವಿದ್ಯುತ್ ನಿಂತೊಡನೆ ಅಂಕಪಟ್ಟಿ ಅಳಿಸಿಹೋಗುತ್ತಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಸ್ವಿಚ್ ಆರಿಸಿದರೆ ಬೆಳಗಿನ ಹೊತ್ತಿಗೆ ನಿನ್ನೆಯ ಶೂರನೂ ಇಲ್ಲ, ಅವನ ಅಂಕವೂ ಇಲ್ಲ. ‘ನಾನು ಇಷ್ಟು ಗಳಿಸಿದ್ದೆ’ ಎಂದು ಒಬ್ಬನು ಪಕ್ಕದ ಊರಿನಲ್ಲಿ ಹೇಳಿದರೆ ಅದಕ್ಕೆ ಅವನ ಮಾತನ್ನು ಬಿಟ್ಟು ಬೇರೆ ಸಾಕ್ಷ್ಯವಿರಲಿಲ್ಲ.

ಈ ಕೊರತೆಯನ್ನು ಕಂಡುಕೊಂಡವರು ವಾಲ್ಟರ್ ಡೇ. ಒಟ್ಟಮ್ವಾದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಫೇರ್‌ಫೀಲ್ಡ್ ಎಂಬ ಊರಿದೆ. ದಿವಾಳಿಯಾದ ಕಾಲೇಜೊಂದರ ಆವರಣವನ್ನು ಕೊಂಡು ಮಹರ್ಷಿ ಮಹೇಶ್ ಯೋಗಿಯವರ ವಿಶ್ವವಿದ್ಯಾಲಯ 1974ರಲ್ಲಿ ಅಲ್ಲಿ ನೆಲೆಯೂರಿತ್ತು. ಅವರ ಭಾವಾತೀತ ಧ್ಯಾನವನ್ನು ಅನುಸರಿಸುತ್ತಿದ್ದ ಅನೇಕ ಅಮೆರಿಕನ್ನರು ಆ ಸಣ್ಣ ಊರಿನಲ್ಲಿ ಬಂದು ನೆಲೆಸಿದ್ದರು, ಡೇ ಅವರಲ್ಲೊಬ್ಬರು. ನಮ್ಮ ದೇಶದ ಯೋಗಿಯೊಬ್ಬರ ಧ್ಯಾನಪದ್ಧತಿಗೂ ಅಮೆರಿಕದ ಆಟದಂಗಡಿಗೂ ಇಂತಹ ನೆರೆಹೊರೆಯ ಸಂಬಂಧವುಂಟಾದೀತೆಂದು ಯಾರು ಊಹಿಸಿಯಾರು! 1981ರ ಬೇಸಿಗೆಯಲ್ಲಿ ಡೇ ಸುಮಾರು ನಾಲ್ಕು ತಿಂಗಳ ಕಾಲ ನೂರಕ್ಕೂ ಹೆಚ್ಚು ಆರ್ಕೇಡ್‌ಗಳನ್ನು ಸುತ್ತಿ, ಪ್ರತಿಯೊಂದು ಯಂತ್ರದಲ್ಲಿ ಕಂಡ ಅತಿ ಹೆಚ್ಚಿನ ಅಂಕಗಳನ್ನು ಬರೆದುಕೊಂಡರು. ಅದೇ ವರ್ಷ ನವೆಂಬರ್ 10ರಂದು ಒಟ್ಟಮ್ವಾದ ಮುಖ್ಯ ಬೀದಿಯಲ್ಲಿ ‘ಟ್ವಿನ್ ಗ್ಯಾಲಕ್ಸೀಸ್’ ಎಂಬ ತಮ್ಮದೇ ಆರ್ಕೇಡ್ ತೆರೆದರು. 1982ರ ಫೆಬ್ರುವರಿ 9ರಂದು, ತಾವು ಬರೆದಿಟ್ಟ ಅಂಕಗಳನ್ನು ‘ರಾಷ್ಟ್ರೀಯ ಅಂಕಪಟ್ಟಿ’ ಎಂಬ ಹೆಸರಿನಿಂದ ಪ್ರಕಟಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಡೇ ಅವರಿಗೆ ಈ ಕೆಲಸವನ್ನು ಯಾವ ಸರ್ಕಾರವೂ ಒಪ್ಪಿಸಿರಲಿಲ್ಲ, ಯಾವ ಕ್ರೀಡಾ ಮಂಡಳಿಯೂ ಅಧಿಕಾರಪತ್ರ ಕೊಟ್ಟಿರಲಿಲ್ಲ. ಯಾರೂ ಬರೆದಿಡದೆ ಬಿಟ್ಟದ್ದನ್ನು ಅವರು ಬರೆದಿಟ್ಟರು, ಅಷ್ಟೇ. ಆದರೆ ಬರೆದಿಟ್ಟ ಮಾತ್ರಕ್ಕೇ ಅವರ ಪಟ್ಟಿ ಪ್ರಮಾಣವಾಯಿತು. ದೂರದೂರದ ಊರುಗಳಿಂದ ಆಟಗಾರರೂ ಅಂಗಡಿಯವರೂ ತಂತಮ್ಮ ಅಂಕಗಳನ್ನು ಒಟ್ಟಮ್ವಾಕ್ಕೆ ದೂರವಾಣಿಯ ಮೂಲಕ ತಿಳಿಸತೊಡಗಿದರು. ಹುಡುಗರು ಬಸ್ಸು ಹತ್ತಿ, ಕಾರು ಹತ್ತಿ ಅಲ್ಲಿಗೇ ಬರತೊಡಗಿದರು. ಆಟದ ಯಂತ್ರ ಎಲ್ಲ ಊರಿನಲ್ಲೂ ಅದೇ. ನ್ಯೂಯಾರ್ಕಿನ ಯಂತ್ರಕ್ಕೂ ಒಟ್ಟಮ್ವಾದ ಯಂತ್ರಕ್ಕೂ ಯಾವ ಭೇದವೂ ಇರಲಿಲ್ಲ. ಪುಸ್ತಕ ಮಾತ್ರ ಇದ್ದದ್ದು ಒಟ್ಟಮ್ವಾದಲ್ಲಿ.

ಆ ವರ್ಷದ ನವೆಂಬರ್ 7ರಂದು ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕರು ಬಂದರು. ದೇಶದ ನಾನಾ ಭಾಗಗಳಿಂದ ಬಂದ ಹದಿನಾರು ಮಂದಿ ಆಟಗಾರರನ್ನು ಊರಿನ ಮುಖ್ಯ ಬೀದಿಯ ನಡುವೆ ಯಂತ್ರಗಳೊಂದಿಗೆ ನಿಲ್ಲಿಸಿ ಚಿತ್ರ ತೆಗೆದರು. 1983ರ ಜನವರಿಯಲ್ಲಿ ಅದು ವರ್ಷದ ಚಿತ್ರಗಳ ಸಂಚಿಕೆಯಲ್ಲಿ ಅಚ್ಚಾಯಿತು. ಅದೇ ತಿಂಗಳು ಟೆಲಿವಿಷನ್ ತಂಡವೊಂದು ಬಂದು ಅಲ್ಲಿ ನಡೆದ ಸ್ಪರ್ಧೆಯನ್ನು ಚಿತ್ರೀಕರಿಸಿತು. ಛಾಯಾಚಿತ್ರ ತೆಗೆದ ದಿನಕ್ಕೂ ಟೆಲಿವಿಷನ್ ಬಂದ ದಿನಕ್ಕೂ ನಡುವೆ ಮೇಯರ್ ಅವರ ಘೋಷಣೆ ಹೊರಬಿದ್ದಿತ್ತು. 1983ರ ಮಾರ್ಚ್‌ನಲ್ಲಿ ಅಟಾರಿ ಕಂಪನಿಯೂ ಯಂತ್ರ ತಯಾರಕರ ಸಂಘವೂ ಆ ಘೋಷಣೆಗೆ ತಮ್ಮ ಸಮ್ಮತಿಯನ್ನು ಸೂಚಿಸಿದವು. ಸಾಮಾನು ಮಾರುವವರು ಇಂತಹ ಮಾತಿಗೆ ಸಮ್ಮತಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಿ.

ಆಶ್ಚರ್ಯವಾಗುವುದು ಮೇಯರ್ ಅವರ ಧೈರ್ಯವನ್ನು ಕಂಡು. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮುಖ್ಯಸ್ಥರಾದ ಸರ್ಜನ್ ಜನರಲ್ ಎವರೆಟ್ ಕೂಪ್ ಅವರು, ‘ಲೈಫ್’ ಚಿತ್ರ ತೆಗೆದು ಎರಡೇ ದಿನಗಳಾಗಿದ್ದಾಗ, ವಿಡಿಯೋ ಆಟಗಳು ಎಳೆಯರಿಗೆ ಹಾನಿಕರವಾಗಬಹುದೆಂದು ಸಭೆಯೊಂದರಲ್ಲಿ ಎಚ್ಚರಿಸಿದ್ದರು. ಅದು ತಮ್ಮ ಸ್ವಂತ ಅಭಿಪ್ರಾಯ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಮರುದಿನವೇ ಸ್ಪಷ್ಟೀಕರಣವನ್ನೂ ಕೊಟ್ಟರು. ಆದರೆ ಮೊದಲ ಮಾತು ಕೇಳಿಸಿದಷ್ಟು ಜನರಿಗೆ ಎರಡನೆಯ ಮಾತು ಕೇಳಿಸುವುದಿಲ್ಲವೆಂಬುದು ಲೋಕರೂಢಿ. ತಂದೆತಾಯಿಗಳ ಮನಸ್ಸಿನಲ್ಲಿ ಆಗಲೇ ಭಯವಿತ್ತು: ಮಕ್ಕಳು ಊಟದ ಕಾಸನ್ನು ಯಂತ್ರಕ್ಕೆ ಹಾಕುತ್ತಾರೆ, ಶಾಲೆ ತಪ್ಪಿಸುತ್ತಾರೆ, ಕೆಟ್ಟ ಸಹವಾಸಕ್ಕೆ ಬೀಳುತ್ತಾರೆ. ಟೆಕ್ಸಾಸ್ ರಾಜ್ಯದ ಮೆಸ್ಕೀಟ್ ನಗರವು ಹದಿನೇಳು ತುಂಬದವರು ಪೋಷಕರಿಲ್ಲದೆ ಇಂತಹ ಯಂತ್ರಗಳನ್ನು ಮುಟ್ಟಕೂಡದೆಂದು ಕಟ್ಟಳೆ ಮಾಡಿತ್ತು. ಆ ವ್ಯಾಜ್ಯ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1982ರ ಫೆಬ್ರುವರಿಯಲ್ಲಿ ಒಂದು ತೀರ್ಪು ಬಂದಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಷ್‌ಫೀಲ್ಡ್ ಎಂಬ ಕಡಲತೀರದ ಊರು ಇನ್ನೂ ಮುಂದೆ ಹೋಯಿತು. ಒಟ್ಟಮ್ವಾ ರಾಜಧಾನಿಯಾದ ಅದೇ 1982ರಲ್ಲಿ ಮಾರ್ಷ್‌ಫೀಲ್ಡಿನ ಪುರಸಭೆಯು ನಾಣ್ಯ ಹಾಕಿ ಆಡುವ ವಿಡಿಯೋ ಆಟಗಳನ್ನು ಊರಿನೊಳಗೆ ಸಂಪೂರ್ಣವಾಗಿ ನಿಷೇಧಿಸಿತು. ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆ ನಿಷೇಧವನ್ನು ಊರಿನವರು ತೆಗೆದುಹಾಕಿದ್ದು 2014ರಲ್ಲಿ. ಅಷ್ಟರಲ್ಲಿ ಆ ಯಂತ್ರಗಳು ಎಲ್ಲ ಕಡೆಯೂ ವಸ್ತುಸಂಗ್ರಹಾಲಯದ ಸಾಮಗ್ರಿಗಳಾಗಿದ್ದವು.

ಮಾರ್ಷ್‌ಫೀಲ್ಡಿನವರನ್ನು ಮೂರ್ಖರೆಂದು ನಾನು ಹೇಳಲಾರೆ. ತಮ್ಮ ಮಕ್ಕಳ ವಿಷಯದಲ್ಲಿ ಅವರಿಗಿದ್ದ ಆತಂಕ ಪ್ರಾಮಾಣಿಕವಾದದ್ದು, ಅವರು ಹಿಡಿದ ದಾರಿ ಕಾನೂನುಬದ್ಧವಾದದ್ದು. ಒಟ್ಟಮ್ವಾದ ಹುಡುಗರೂ ನಾಣ್ಯ ಕಳೆದುಕೊಂಡರು, ಹೊತ್ತೂ ಕಳೆದುಕೊಂಡರು. ಆದರೆ ಅಲ್ಲಿ ಅವರ ಆಟವನ್ನು ನೋಡುವ ಹಿರಿಯನೊಬ್ಬನಿದ್ದ, ಅದನ್ನು ಬರೆದಿಡುವ ಪುಸ್ತಕವಿತ್ತು. ಈ ವ್ಯತ್ಯಾಸದ ಬೆಲೆ ಏನೆಂಬುದು 1984ರ ಜನವರಿಯಲ್ಲಿ ತಿಳಿಯಿತು.

ನಿಬ್ಲರ್ ಎಂಬುದು 1982ರಲ್ಲಿ ಬಂದ ಆಟ. ಚಕ್ರವ್ಯೂಹದಂತಹ ಓಣಿಗಳಲ್ಲಿ ಒಂದು ಹಾವು ಹರಿದಾಡುತ್ತ ಕಾಳುಗಳನ್ನು ತಿನ್ನಬೇಕು. ತಿಂದಂತೆಲ್ಲ ಅದರ ಬಾಲ ಬೆಳೆಯುತ್ತದೆ. ತನ್ನ ಬಾಲವನ್ನೇ ಮುಟ್ಟಿದರೆ ಸಾವು. ನಮ್ಮಲ್ಲಿ ಹಳೆಯ ನೋಕಿಯಾ ಫೋನುಗಳಲ್ಲಿ ಹಾವಿನ ಆಟ ಆಡಿದವರಿಗೆ ಇದರ ಅಂದಾಜು ಸಿಕ್ಕೀತು. ಬೇರೆ ಆಟಗಳಲ್ಲಿ ಅಂಕ ಆರೇಳು ಸ್ಥಾನಗಳಿಗೆ ಮುಗಿದುಹೋಗುತ್ತಿದ್ದರೆ, ನಿಬ್ಲರ್ ಯಂತ್ರದಲ್ಲಿ ಒಂಬತ್ತು ಸ್ಥಾನಗಳಿದ್ದವು. ಅಂದರೆ ನೂರು ಕೋಟಿ ಅಂಕ ಮುಟ್ಟಿದರೆ ಲೆಕ್ಕ ತುಂಬಿ ತುಳುಕಿ ಮತ್ತೆ ಸೊನ್ನೆಗೆ ಬರುತ್ತದೆ. ಅಲ್ಲಿಯವರೆಗೆ ಯಾವ ಆಟದಲ್ಲೂ ಯಾರೂ ನೂರು ಕೋಟಿ ಮುಟ್ಟಿರಲಿಲ್ಲ. ಮುಟ್ಟಬೇಕಾದರೆ ಒಂದೇ ನಾಣ್ಯದಲ್ಲಿ ಸುಮಾರು ಎರಡು ಹಗಲು, ಎರಡು ರಾತ್ರಿ ಯಂತ್ರದ ಮುಂದೆ ನಿಂತಿರಬೇಕು. 1983ರಲ್ಲಿ ಟಾಮ್ ಅಸಾಕಿ ಎಂಬ ಆಟಗಾರ 83 ಕೋಟಿಯಷ್ಟು ದೂರ ಸಾಗಿ ನಿಂತಿದ್ದ.

ಹದಿನಾರು ವರ್ಷದ ಟಿಮ್ ಮೆಕ್‌ವೇ ಟ್ವಿನ್ ಗ್ಯಾಲಕ್ಸೀಸ್‌ನಲ್ಲಿ ಆ ಯಂತ್ರದ ಮುಂದೆ ನಿಂತದ್ದು ಜನವರಿ 15ರಂದು. ಮಲ ಮೂತ್ರಕ್ಕೂ ಹೋಗದೆ ಆಡುವುದು ಯಾರಿಗೂ ಸಾಧ್ಯವಿಲ್ಲ, ಅದಕ್ಕೊಂದು ಉಪಾಯವಿತ್ತು. ಈ ಆಟದಲ್ಲಿ ಅಂಕ ಹೆಚ್ಚಿದಂತೆ ಹೆಚ್ಚುವರಿ ಹಾವುಗಳು, ಅಂದರೆ ಹೆಚ್ಚುವರಿ ಪ್ರಾಣಗಳು, ಸಿಗುತ್ತವೆ. ಅವನ್ನು ಕೂಡಿಟ್ಟುಕೊಂಡು, ಒಂದೊಂದೇ ಹಾವು ಸಾಯುತ್ತಿರಲೆಂದು ಬಿಟ್ಟು ಓಡಿಹೋಗಿ, ಎಲ್ಲವೂ ಸಾಯುವುದರೊಳಗೆ ಹಿಂದಿರುಗಬೇಕು. ನಿದ್ದೆಯಿಲ್ಲದ ಎರಡನೆಯ ರಾತ್ರಿಯಲ್ಲಿ ಈ ಲೆಕ್ಕವನ್ನು ತಪ್ಪದಂತೆ ಇಡುವುದು ಹುಡುಗಾಟವಲ್ಲ. 44 ಗಂಟೆ 45 ನಿಮಿಷಗಳಾದ ಮೇಲೆ, ಜನವರಿ 17ರಂದು ಆಟ ಮುಗಿದಾಗ ಟಿಮ್‌ನ ಅಂಕ 1,00,00,42,270. ನೂರು ಕೋಟಿಯ ಗೆರೆ ದಾಟಿ ನಲವತ್ತೆರಡು ಸಾವಿರದ ಚಿಲ್ಲರೆ. ಯಂತ್ರದ ಪರದೆ ಆ ಅಂಕವನ್ನು ಪೂರ್ಣವಾಗಿ ತೋರಿಸುವಂತಿರಲಿಲ್ಲ. ತೋರಿಸಿದ್ದು ಸೊನ್ನೆಯಿಂದ ಮತ್ತೆ ಮೊದಲಾದ ಲೆಕ್ಕವನ್ನು. ನೂರು ಕೋಟಿ ನೂರು ಕೋಟಿಯಾಗಿ ಉಳಿಯಲು ಮನುಷ್ಯರ ಸಾಕ್ಷಿ ಬೇಕಾಯಿತು. ಸಾಕ್ಷಿಗಳು ಇದ್ದರು, ಬರೆದಿಡುವವರೂ ಇದ್ದರು. ಜನವರಿ 28ನ್ನು ಪಟ್ಟಣದವರು ‘ಟಿಮ್ ಮೆಕ್‌ವೇ ದಿನ’ವೆಂದು ಆಚರಿಸಿದರು. ವಿಡಿಯೋ ಆಟದಲ್ಲಿ ಗೆದ್ದ ಹುಡುಗನಿಗಾಗಿ ಒಂದು ಊರು ತನ್ನ ದಿನವೊಂದನ್ನು ಮೀಸಲಿಟ್ಟದ್ದು ಅದೇ ಮೊದಲೆಂದು ಹೇಳುತ್ತಾರೆ.

ಅದಾಗಿ ಒಂದೂವರೆ ತಿಂಗಳೂ ಕಳೆಯಲಿಲ್ಲ. ಮಾರ್ಚ್‌ನಲ್ಲಿ ಟ್ವಿನ್ ಗ್ಯಾಲಕ್ಸೀಸ್ ಆರ್ಕೇಡ್ ಮುಚ್ಚಿತು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಉದ್ಯಮವೇ ಕುಸಿದಿತ್ತು. ಮಾರುಕಟ್ಟೆಯಲ್ಲಿ ಆಟಗಳು ಅತಿಯಾಗಿ ತುಂಬಿ, ಕೊಳ್ಳುವವರು ಹಿಂದೆ ಸರಿದಿದ್ದರು. ಸಾಮ್ರಾಜ್ಯವೇ ಕುಸಿದಾಗ ರಾಜಧಾನಿಯ ಗತಿ ಏನಾದೀತು? ಕಲ್ಲಿದ್ದಲ ಅರಮನೆಗೆ ಎರಡು ವರ್ಷ, ಆಟದ ಅರಮನೆಗೆ ಎರಡು ವರ್ಷ ನಾಲ್ಕು ತಿಂಗಳು.

ಆದರೆ ಅಂಗಡಿ ಮುಚ್ಚಿದ ಮೇಲೂ ಡೇ ಪುಸ್ತಕವನ್ನು ಮುಚ್ಚಲಿಲ್ಲ. ಅಂಕಗಳನ್ನು ಕಲೆಹಾಕುವುದನ್ನು ಮುಂದುವರಿಸಿ, 1998ರಲ್ಲಿ ಸಾವಿರ ಪುಟಗಳ ಹತ್ತಿರ ಹತ್ತಿರದ ಒಂದು ದಾಖಲೆ ಗ್ರಂಥವನ್ನೇ ಅಚ್ಚು ಹಾಕಿಸಿದರು. ಆ ಹೊತ್ತಿಗೆ, ಹದಿಹರೆಯದಲ್ಲಿ ನಾಣ್ಯ ಹಾಕುತ್ತಿದ್ದವರು ಗೃಹಸ್ಥರಾಗಿದ್ದರು. ಹಳೆಯ ಯಂತ್ರಗಳ ಮೇಲೆ ಅವರಿಗೆ ಮೋಹ ಮರುಕಳಿಸಿತ್ತು. 2007ರಲ್ಲಿ ಅಂದಿನ ಆಟಗಾರರನ್ನು ಕುರಿತು ಎರಡು ಸಾಕ್ಷ್ಯಚಿತ್ರಗಳು ಬಂದವು: ‘ದಿ ಕಿಂಗ್ ಆಫ್ ಕಾಂಗ್’ ಮತ್ತು ‘ಚೇಸಿಂಗ್ ಘೋಸ್ಟ್ಸ್’. ಒಟ್ಟಮ್ವಾದ ಹೆಸರು ಮತ್ತೆ ಕೇಳಿಬಂದಿತು. ಊರಿನವರು ಎಚ್ಚೆತ್ತರು. ‘ಅಂತಾರಾಷ್ಟ್ರೀಯ ವಿಡಿಯೋ ಗೇಮ್ ಕೀರ್ತಿಮಂದಿರ’ವೊಂದನ್ನು ಸ್ಥಾಪಿಸಿ, 2010ರ ಆಗಸ್ಟ್‌ನಲ್ಲಿ ದೊಡ್ಡದೊಂದು ಸಮಾರಂಭ ನಡೆಸಿ, ಹಳೆಯ ಶೂರರನ್ನು ಕರೆಸಿ ಗೌರವಿಸಿದರು. ಮುಂದೆ ವಸ್ತುಸಂಗ್ರಹಾಲಯವೊಂದನ್ನು ಕಟ್ಟಿ ಊರನ್ನು ಯಾತ್ರಾಸ್ಥಳವಾಗಿಸಬೇಕೆಂಬುದು ಅವರ ಆಸೆ.

ಆಸೆ ಪಡುವುದಕ್ಕೆ ಅವರಿಗೆ ಎಲ್ಲರಿಗಿಂತ ಹೆಚ್ಚು ಅರ್ಹತೆಯಿದೆ ಎಂದು ನನ್ನ ಅಭಿಪ್ರಾಯ. ಆದರೆ ಅರ್ಹತೆಯೊಂದೇ ಸಾಲುವುದಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಆಟಿಕೆಗಳದ್ದೇ ಒಂದು ದೊಡ್ಡ ವಸ್ತುಸಂಗ್ರಹಾಲಯವಿದೆ. ಅದರ ಆಡಳಿತದವರು 2015ರಲ್ಲಿ ‘ವಿಶ್ವ ವಿಡಿಯೋ ಗೇಮ್ ಕೀರ್ತಿಮಂದಿರ’ವನ್ನು ತೆರೆದು ಪಾಂಗ್, ಪ್ಯಾಕ್‌ಮ್ಯಾನ್, ಟೆಟ್ರಿಸ್ ಮೊದಲಾದ ಆಟಗಳನ್ನು ಸೇರಿಸಿಕೊಂಡರು. ಟೆಕ್ಸಾಸಿನ ಫ್ರಿಸ್ಕೊ ನಗರದಲ್ಲಿ ಮರುವರ್ಷ ವಿಡಿಯೋ ಗೇಮ್ ವಸ್ತುಸಂಗ್ರಹಾಲಯ ತೆರೆಯಿತು. ಕಟ್ಟಡವೂ ಹಣವೂ ಸಿಬ್ಬಂದಿಯೂ ಇದ್ದವರು ಹಿಂದಿನಿಂದ ಬಂದು ಮುಂದೆ ಹೋದರು. ‘ನಾವೇ ಮೊದಲು ಹೇಳಿದ್ದು’ ಎಂದು ಒಟ್ಟಮ್ವಾ ದಾವೆ ಹೂಡುವಂತಿಲ್ಲ. ಮೇಯರ್ ಅವರ ಘೋಷಣೆಯಿಂದ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಮೊದಲೇ ಹೇಳಿದೆನಲ್ಲ! ಇದಕ್ಕಿಂತಲೂ ದೊಡ್ಡ ನಷ್ಟವೆಂದು ನನಗೆ ಕಾಣುವುದು ಬೇರೊಂದು. ಟ್ವಿನ್ ಗ್ಯಾಲಕ್ಸೀಸ್ ಎಂಬ ದಾಖಲೆ ಸಂಸ್ಥೆ ಕೈಯಿಂದ ಕೈಗೆ ದಾಟಿ, 2014ರಲ್ಲಿ ಹೊಸ ಒಡೆತನಕ್ಕೆ ಸೇರಿ, ಅಂತರಜಾಲದ ಸಂಸ್ಥೆಯಾಯಿತು. ಊರನ್ನು ರಾಜಧಾನಿ ಮಾಡಿದ್ದ ಪುಸ್ತಕವೇ ಊರಿನಲ್ಲಿ ಉಳಿಯಲಿಲ್ಲ.

ಪುಸ್ತಕದಲ್ಲಿ ಬರೆದದ್ದೆಲ್ಲ ಸತ್ಯವೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಡ್ರ್ಯಾಗ್‌ಸ್ಟರ್ ಎಂಬ ಕಾರಿನ ಓಟದ ಆಟದಲ್ಲಿ 5.51 ಸೆಕೆಂಡಿನ ದಾಖಲೆಯೊಂದು 1982ರಿಂದ ನಿಂತಿತ್ತು. ಆಟವನ್ನು ಮಾರಿದ ಕಂಪನಿಯೇ ಅಂದು ಅದನ್ನು ಒಪ್ಪಿತ್ತು, ಒಪ್ಪಿಗೆಯೇ ಸಾಕ್ಷ್ಯವಾಗಿತ್ತು. ಮೂವತ್ತೈದು ವರ್ಷಗಳ ಮೇಲೆ ಕೆಲವರು ಆ ಆಟದ ಪ್ರೋಗ್ರಾಂ ಅನ್ನೇ ಬಿಡಿಸಿ ಓದಿ, 5.57 ಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲವೆಂದು ತೋರಿಸಿದರು. 2018ರ ಜನವರಿಯಲ್ಲಿ ಆ ದಾಖಲೆಯನ್ನು ತೆಗೆದುಹಾಕಲಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಲ್ಲಿ ಮಿಚೆಲ್ ಎಂಬ ಹೆಸರಾಂತ ಆಟಗಾರನ ಅಂಕಗಳನ್ನೂ ಸಂಸ್ಥೆ ತೆಗೆಯಿತು. ಮಿಚೆಲ್ ಆರೋಪವನ್ನು ನಿರಾಕರಿಸಿ ಮಾನನಷ್ಟದ ದಾವೆ ಹೂಡಿದರು. 2024ರ ಜನವರಿಯಲ್ಲಿ ರಾಜಿಯಾಗಿ, ಅವರ ಅಂಕಗಳು ಹಳೆಯ ದಾಖಲೆಗಳ ಸಂಗ್ರಹಕ್ಕೆ ಮರಳಿ ಸೇರಿದವು. ಕೆಲವರು ಇದನ್ನೆಲ್ಲ ಕಂಡು, ಆಟದ ಅಂಕಕ್ಕೂ ಕೋರ್ಟೇ ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ದಾಖಲೆಯ ಮೇಲೆ ಜಗಳವಾಗುವುದೆಂದರೆ ದಾಖಲೆಗೆ ಬೆಲೆಯಿದೆಯೆಂದೇ ಅರ್ಥ. ಬರೆದಿಟ್ಟದ್ದನ್ನು ಮಾತ್ರ ತಿದ್ದಲು ಸಾಧ್ಯ. ಬರೆಯದೆ ಬಿಟ್ಟದ್ದನ್ನು ತಿದ್ದುವುದು ಹೇಗೆ?

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು ನೂರು ಮೀಟರಿಗೆ ಭಾಗಿಸಿ ಬಂದ 9.55 ಸೆಕೆಂಡಿನ ಸಂಖ್ಯೆ ದೇಶವನ್ನೆಲ್ಲ ಸುತ್ತಿತು, ಉಸೇನ್ ಬೋಲ್ಟನೊಂದಿಗೆ ಹೋಲಿಕೆಯೂ ನಡೆಯಿತು. 13.62 ಎಂಬುದು ಅಳೆದ ಸಂಖ್ಯೆ, 9.55 ಎಂಬುದು ಲೆಕ್ಕ ಹಾಕಿ ತೆಗೆದ ಸಂಖ್ಯೆ. ಮೊದಲನೆಯದರ ಮೇಲೆ ಯಾರೂ ಬೆರಳು ತೋರಿಸಲಾರರು. ಮಾತು ಬೆಳೆದದ್ದು ಎರಡನೆಯದರ ಮೇಲೆ. ಗೌಡರ ಓಟದ ಹಿರಿಮೆಗೆ ಬೋಲ್ಟನ ಹೆಸರು ಬೇಕಾಗಿರಲಿಲ್ಲವೆಂಬುದು ನನ್ನ ಎಣಿಕೆ.

ಈ ಅಂಕಣವನ್ನು ಓದುವ ಮನೆಗಳಲ್ಲಿ ಮಕ್ಕಳ ಕೈಯಲ್ಲಿರುವುದು ಮೊಬೈಲ್. ಮನೆಮನೆಯಲ್ಲೂ ಆರ್ಕೇಡ್ ಇದೆ, ಆದರೆ ಭುಜದ ಮೇಲಿಂದ ಇಣುಕುವವರಿಲ್ಲ. ಈ ಆಟಗಳ ವಿಷಯದಲ್ಲಿ ನನ್ನ ಬಳಿ ವಿಚಾರಿಸುವ ಪೋಷಕರಿಗಾಗಿ ಒಂದು ಮಾತು: ಆನ್‌ಲೈನ್ ಆಟಗಳ ಕುರಿತಾದ ಕೇಂದ್ರ ಅಧಿನಿಯಮಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಡೆಸುವವರಿಗೆ ಅದರಲ್ಲಿ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಕೋಟಿ ರೂಪಾಯಿವರೆಗಿನ ದಂಡ, ಅಥವಾ ಎರಡೂ ಇವೆ. ಆಡಿದವರಿಗೆ ಶಿಕ್ಷೆಯಿಲ್ಲ. ಆದುದರಿಂದ ಹಣ ಕಳೆದುಕೊಂಡ ಮಗ ಭಯದಿಂದ ಬಾಯಿಮುಚ್ಚಿ ಕುಳಿತುಕೊಳ್ಳಬೇಕಾದ ಅಗತ್ಯವಿಲ್ಲ. ಅವನನ್ನು ಹಾಗೆ ಕುಳ್ಳಿರಿಸಲೂ ಬಾರದು. ಇ-ಸ್ಪೋರ್ಟ್ಸ್ ಎಂದು ಕರೆಯುವ ಕೌಶಲದ ಸ್ಪರ್ಧೆಗಳನ್ನು ಅದೇ ಅಧಿನಿಯಮ ಬೇರೆಯಾಗಿಯೇ ಗುರುತಿಸುತ್ತದೆ. ಮಾರ್ಷ್‌ಫೀಲ್ಡಿನ ದಾರಿಯೂ ಒಟ್ಟಮ್ವಾದ ದಾರಿಯೂ ಒಂದೇ ಕಾನೂನಿನೊಳಗೆ ಪಕ್ಕಪಕ್ಕದಲ್ಲಿವೆ.

ಇನ್ನೊಂದು ವಿಷಯವನ್ನು ಶಾಲೆಗಳ ರಕ್ಷಕ ಶಿಕ್ಷಕ ಸಂಘದವರ ಮುಂದಿಡುತ್ತೇನೆ. ಕರ್ತವ್ಯದ ನಿಮಿತ್ತ ಬರೆದಿಟ್ಟ ದಾಖಲೆಗಳಿಗೆ ನ್ಯಾಯಾಲಯದಲ್ಲಿ ಬೆಲೆಯಿದೆ. ಹಳೆಯ ಸಾಕ್ಷ್ಯ ಅಧಿನಿಯಮದ 35ನೆಯ ಕಲಂ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 29ನೆಯ ಕಲಮಾಗಿದೆ. ಜನ್ಮದಿನಾಂಕವೋ ಓದಿದ ಮಾಧ್ಯಮವೋ ವಿವಾದಕ್ಕೆ ಬಂದಾಗ ನಾವು ವಕೀಲರು ಮೊದಲು ಹುಡುಕುವುದು ಶಾಲೆಯ ದಾಖಲಾತಿ ಪುಸ್ತಕವನ್ನು. ಅದು ನಮ್ಮ ಕನ್ನಡ ಶಾಲೆಗಳಲ್ಲಿ ಹೇಗೋ ಉಳಿದಿರುತ್ತದೆ, ಸರ್ಕಾರ ಕೇಳುತ್ತದೆಯೆಂಬ ಕಾರಣಕ್ಕೆ. ಸರ್ಕಾರ ಕೇಳದ ಪುಸ್ತಕಗಳ ಸ್ಥಿತಿ ಏನು? ನಿಮ್ಮ ಶಾಲೆಯಲ್ಲಿ ನೂರು ಮೀಟರ್ ಓಟದ ದಾಖಲೆ ಯಾರದು, ಎತ್ತರ ಜಿಗಿತದ್ದು ಯಾರದು, ಉಪಜಿಲ್ಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳಿ ಮೊದಲ ಬಹುಮಾನ ತಂದ ಹುಡುಗಿ ಯಾವ ವರ್ಷದವಳು ಎಂದು ಕೇಳಿದರೆ, ನಿವೃತ್ತ ಮಾಸ್ತರರೊಬ್ಬರ ನೆನಪಿನ ಹೊರತು ಬೇರೆ ಆಧಾರ ದೊರೆಯುವುದು ಅಪರೂಪ. ಮಕ್ಕಳ ಸಂಖ್ಯೆ ಇಳಿದು ಶಾಲೆಯೊಂದು ಮುಚ್ಚುವ ಮಾತು ಬಂದಾಗ, ‘ಇದು ಇಂಥ ಶಾಲೆ’ ಎಂದು ತೋರಿಸಲು ನಮ್ಮ ಬಳಿ ಇರುವುದು ಭಾಷಣ ಮಾತ್ರ. ನೂರು ಪುಟದ ಒಂದು ಪುಸ್ತಕ, ಪ್ರತಿ ವರ್ಷದ ಕ್ರೀಡಾಕೂಟದ ಮರುದಿನ ಒಂದು ಗಂಟೆ, ಇಬ್ಬರು ಸಾಕ್ಷಿಗಳ ಸಹಿ: ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ. ಈ ವರ್ಷದ ಕ್ರೀಡಾಕೂಟಗಳು ಮುಗಿಯುವ ಮೊದಲೇ ಆರಂಭಿಸಬಹುದು.

ಟಿಮ್ ಮೆಕ್‌ವೇಯ ಕಥೆಗೆ ಒಂದು ಬಾಲ ಉಳಿದಿದೆ. ಅವನು ನೂರು ಕೋಟಿ ಮುಟ್ಟಿದ ವರ್ಷವೇ, 1984ರ ಸೆಪ್ಟೆಂಬರ್‌ನಲ್ಲಿ, ಇಟಲಿಯ ಎನ್ರಿಕೊ ಜಾನೆಟ್ಟಿ ಎಂಬ ಹುಡುಗ ಅದೇ ಆಟದಲ್ಲಿ 1,00,10,73,840 ಅಂಕ ಗಳಿಸಿದನೆಂದು ಅಲ್ಲಿನ ಪತ್ರಿಕೆಯೊಂದು ಬರೆದಿತ್ತು. ಒಟ್ಟಮ್ವಾದ ಪುಸ್ತಕಕ್ಕೆ ಆ ಸುದ್ದಿ ತಲುಪಿರಲಿಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಈ ಸಂಗತಿ ಮೆಕ್‌ವೇಗೆ ತಿಳಿಯಿತು. ಅಷ್ಟರಲ್ಲಿ ಅವನಿಗೆ ನಲವತ್ತು ದಾಟಿತ್ತು. ಇಟಲಿಯ ಅಂಕವನ್ನು ಅವನ ಪುಸ್ತಕ ಒಪ್ಪಿರಲಿಲ್ಲವಾದ್ದರಿಂದ ಅವನು ಸುಮ್ಮನಿರಬಹುದಾಗಿತ್ತು. ಅವನು ಮತ್ತೆ ನಿಬ್ಲರ್ ಯಂತ್ರದ ಮುಂದೆ ನಿಂತ. ಕೆಲವು ಸಲ ಸೋತು, 2011ರ ಡಿಸೆಂಬರ್‌ನಲ್ಲಿ, ಒಂದೇ ಆಟದಲ್ಲಿ 1,04,17,67,060 ಅಂಕ ಗಳಿಸಿದ. ಆ ಅಂಕವೂ ಪುಸ್ತಕದಲ್ಲಿದೆ.